ಶಾಲೆ ಬಿಟ್ಟವರು ಕಟ್ಟಿಸಿದ ಕಾಲೇಜುಗಳು

ಜಸ್ಟಿನ್ ಮಾರಿಲ್ ಹೆಸರು ನಮ್ಮಲ್ಲಿ ಕೃಷಿ ಓದಿದವರಿಗೂ ಅಷ್ಟಾಗಿ ಗೊತ್ತಿಲ್ಲ. ನನಗೆ ಇದು ಬೇಸರದ ವಿಷಯ. ಬೆಂಗಳೂರಿನಲ್ಲಿ 1964ರಲ್ಲಿ ಶುರುವಾದ ಕೃಷಿ ವಿಶ್ವವಿದ್ಯಾಲಯಕ್ಕೆ ಮಾದರಿಯಾಗಿದ್ದು ಅಮೆರಿಕದ 'ಲ್ಯಾಂಡ್ ಗ್ರಾಂಟ್' ಕಾಲೇಜುಗಳು, ಅಂದರೆ ಸರ್ಕಾರ ಕೊಟ್ಟ ಜಮೀನಿನ ಹಣದಲ್ಲಿ ನಡೆದ ಕಾಲೇಜುಗಳು. ಆ ಕಾಲೇಜುಗಳ ಹಿಂದೆ ಇದ್ದವರು ಇವರು.

ಮಾರಿಲ್ ಹುಟ್ಟಿದ್ದು 1810ರಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದ ಸ್ಟ್ರಾಫರ್ಡ್ ಎಂಬ ಹಳ್ಳಿಯಲ್ಲಿ. ಅಪ್ಪ ಕಮ್ಮಾರ. ಮುಂದೆ ಓದಿಸಲು ಮನೆಯಲ್ಲಿ ಅನುಕೂಲ ಇರಲಿಲ್ಲ. ಹದಿನೈದಕ್ಕೇ ಶಾಲೆ ಬಿಟ್ಟು ಅಂಗಡಿ ಕೆಲಸಕ್ಕೆ ಸೇರಿದರು. ವ್ಯಾಪಾರದಲ್ಲಿ ನಾಲ್ಕು ಕಾಸು ಕೂಡಿದ ಮೇಲೆ, ಇನ್ನೂ ನಲವತ್ತು ತುಂಬುವ ಮೊದಲೇ ಅಂಗಡಿ ಬಿಟ್ಟು ಬೇಸಾಯಕ್ಕಿಳಿದರು. ಆಮೇಲೆ ರಾಜಕೀಯ. 1855ರಿಂದ 1898ರಲ್ಲಿ ತೀರಿಕೊಳ್ಳುವವರೆಗೂ ಅಮೆರಿಕದ ಸಂಸತ್ತಿನಲ್ಲೇ ಇದ್ದರು.

ಅವರು 1857ರಲ್ಲಿ ತಂದ ಮಸೂದೆ ಇದು: ಒಂದು ರಾಜ್ಯಕ್ಕೆ ಎಷ್ಟು ಜನ ಸಂಸದರೋ, ತಲಾ 20,000 ಎಕರೆಯ (1862ರ ಕಾಯ್ದೆಯಲ್ಲಿ ಅದು 30,000 ಆಯಿತು) ಲೆಕ್ಕದಲ್ಲಿ ಸರ್ಕಾರಿ ಜಮೀನು. ರಾಜ್ಯ ಅದನ್ನು ಮಾರಿ ಹಣವನ್ನು ಇಡುಗಂಟಾಗಿ ಇಡಬೇಕು. ಬರುವ ಬಡ್ಡಿಯಲ್ಲಿ ರೈತರ, ಕೆಲಸಗಾರರ ಮಕ್ಕಳಿಗೆ ಬೇಸಾಯ, ಯಂತ್ರವಿದ್ಯೆ ಕಲಿಸುವ ಕಾಲೇಜು ನಡೆಸಬೇಕು. ಆ ಗಂಟಿನಿಂದ ಕಟ್ಟಡ ಕಟ್ಟುವ ಹಾಗಿಲ್ಲ! ಈ ಷರತ್ತು ನನಗೆ ತುಂಬಾ ಇಷ್ಟ. ದುಡ್ಡು ಪಾಠಕ್ಕೆ, ಗೋಡೆಗಲ್ಲ.

1859ರಲ್ಲಿ ಅಧ್ಯಕ್ಷ ಬುಕಾನನ್ ಸಹಿ ಹಾಕಲು ಒಪ್ಪಲಿಲ್ಲ. ಮಾರಿಲ್ ಬಿಡಲಿಲ್ಲ. ಅಷ್ಟರಲ್ಲಿ ಅಂತರ್ಯುದ್ಧ ಶುರುವಾಗಿ, ಮಸೂದೆಯನ್ನು ವಿರೋಧಿಸುತ್ತಿದ್ದ ದಕ್ಷಿಣ ರಾಜ್ಯಗಳ ಸಂಸದರು ಸಂಸತ್ತು ಬಿಟ್ಟುಹೋಗಿದ್ದರು. 1862ರ ಜುಲೈ 2ರಂದು ಲಿಂಕನ್ ಸಹಿ ಹಾಕಿದರು.

ಆದರೆ ಆ ಜಮೀನು ಎಲ್ಲಿಂದ ಬಂತು? ಇದನ್ನು ಕೇಳದೆ ಮಾರಿಲ್ ಅವರನ್ನು ಸುಮ್ನೆ ಹೊಗಳುವುದು ನನಗೆ ಆಗದು. ಅದು ಮೂಲನಿವಾಸಿಗಳ ನೆಲ. ಒತ್ತಾಯದ ಒಪ್ಪಂದಗಳಲ್ಲಿ, ಕೆಲವು ಕಡೆ ಒಪ್ಪಂದವೇ ಇಲ್ಲದೆ ಕಿತ್ತುಕೊಂಡಿದ್ದು. ನ್ಯೂಯಾರ್ಕ್‌ಗೆ ಸಿಕ್ಕ ಪಾಲು 9,90,000 ಎಕರೆ. ಅದು ಆ ರಾಜ್ಯದೊಳಗೆ ಇರಲೇ ಇಲ್ಲ, ದೊಡ್ಡ ಭಾಗ ದೂರದ ವಿಸ್ಕಾನ್ಸಿನ್ ರಾಜ್ಯದ ಪೈನ್ ಕಾಡಿನಲ್ಲಿತ್ತು. ಆ ಕಾಡನ್ನು ಮಾರಿ ಬಂದ ಹಣದಲ್ಲೇ ನ್ಯೂಯಾರ್ಕ್‌ನ ಕಾರ್ನೆಲ್ ವಿಶ್ವವಿದ್ಯಾಲಯ ಬೆಳೆಯಿತು. ಕಾಡು ಕಳೆದುಕೊಂಡವರ ಮಕ್ಕಳಿಗೆ ಏನು ಸಿಕ್ಕಿತು?

1890ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಮಾರಿಲ್ ಎರಡನೇ ಕಾಯ್ದೆ ತಂದರು. ಕರಿಯರನ್ನು ಕಾಲೇಜಿಗೆ ಸೇರಿಸಿಕೊಳ್ಳದ ರಾಜ್ಯ ಅವರಿಗೆ ಬೇರೆ ಕಾಲೇಜು ತೆರೆಯಲೇಬೇಕು, ಇಲ್ಲದಿದ್ದರೆ ಕೇಂದ್ರ ಸರ್ಕಾರದ ಹಣ ಸಿಗದು. ಬೇರೆ ಕೂರಿಸಿದ್ದು ಅನ್ಯಾಯವೇ. ಆದರೂ ಎಷ್ಟೋ ಕರಿಯ ರೈತರ ಮಕ್ಕಳಿಗೆ ಓದಿನ ದಾರಿ ತೆರೆದದ್ದು ಆ ಕಾಲೇಜುಗಳಿಂದಲೇ.

ನಮ್ಮ ಕೃಷಿ ವಿದ್ಯಾರ್ಥಿಗಳಿಗೆ ಮೊದಲ ವರ್ಷವೇ ಈ ಕಥೆಯನ್ನು ಪೂರ್ತಿ ಹೇಳಬೇಕು, ಕಾಲೇಜಿನದೂ ಹೇಳಬೇಕು, ಜಮೀನಿನದೂ ಹೇಳಬೇಕು.