ಪರ-ವಿರೋಧ: ಹಳ್ಳಿಯ ಕರೆಂಟು ಸದಸ್ಯರ ಸಹಕಾರ ಸಂಘದ ಕೈಗೆ ಬರಬೇಕೇ?

ಪರ: ಲೆಕ್ಕ ಕೇಳುವ ಹಕ್ಕು ನಮಗಿರಲಿ

ಕರ್ನಾಟಕದಲ್ಲಿ ಊರೂರಿಗೆ ಕರೆಂಟು ಹಂಚುವ ಸಹಕಾರ ಸಂಘ ಇರುವುದು ಒಂದೇ, ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ. 1969ರಲ್ಲಿ ನೋಂದಣಿಯಾದದ್ದು ಇವತ್ತಿಗೂ ನಡೆಯುತ್ತಿದೆ. ಕರೆಂಟು ಬಳಸುವವರೇ ಅಲ್ಲಿ ಷೇರು ಹಾಕಿ ಸದಸ್ಯರಾಗುತ್ತಾರೆ. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತೆಗೆದ ನಾಡು ನಮ್ಮದು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನಾಡೂ ನಮ್ಮದೇ. ಇವೆರಡನ್ನೂ ಕೂಡಿಸಿದ ತಾಲೂಕು ಹುಕ್ಕೇರಿ. ಉಳಿದ ತಾಲೂಕುಗಳು ಏನು ಪಾಪ ಮಾಡಿವೆ?

ನಮ್ಮ ಹೊಲದ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟ ವರ್ಷದ ಸಂಗತಿ ಹೇಳಲೇಬೇಕು. ಮೆಕ್ಕೆಜೋಳ ತೆನೆಗಟ್ಟುವ ಹೊತ್ತು. ರಾತ್ರಿ ತ್ರೀಫೇಸ್ ಬಂದದ್ದೇ ತಡ, ಎಲ್ಲರ ಮೋಟರುಗಳೂ ಒಟ್ಟಿಗೆ ಎದ್ದವು, ಢಂ ಅಂದಿತು. ಬೆಳಿಗ್ಗೆ ಹೋಗಿ ನೋಡಿದರೆ ಕಂಬದ ಬುಡಕ್ಕೆ ಆಯಿಲ್ ಸೋರಿ ಮಣ್ಣೆಲ್ಲ ಕಪ್ಪಾಗಿತ್ತು. ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನಲ್ಲಿ, ‘ಅರ್ಜಿ ಕೊಡ್ರಿ, ಸೀನಿಯಾರಿಟಿ ಪ್ರಕಾರ ಬರ್ತದ’ ಎಂದರು. ‘ಹಂಗಾರ ಆ ಪಟ್ಟಿ ತೋರಿಸ್ರಿ ಸಾಹೇಬ್ರ’ ಎಂದ ಅಣ್ಣ. ತೋರಿಸಲಿಲ್ಲ. ಮತ್ತೆ ಹೋದೆವು, ಸಾಹೇಬರು ಸೈಟಿಗೆ ಹೋಗಿದ್ದರು. ಕೊನೆಗೆ ಆ ಟಿಸಿಗೆ ಸೇರಿದ ರೈತರೆಲ್ಲ ದುಡ್ಡು ಕೂಡಿಸಿ, ನಮ್ಮದೇ ಟ್ರ್ಯಾಕ್ಟರಿಗೆ ಅದನ್ನು ಹೇರಿಕೊಂಡು ರಿಪೇರಿಗೆ ಒಯ್ದೆವು. ನೀರು ಹರಿಯುವ ಹೊತ್ತಿಗೆ ಗರಿ ಸುರುಟಿ ಹೋಗಿತ್ತು, ತೆನೆ ಸುಲಿದರೆ ಅರ್ಧಕ್ಕರ್ಧ ಜೊಳ್ಳು. ಆ ವರ್ಷ ಅಣ್ಣ ಎತ್ತು ಮಾರಿದ.

ಟಿಸಿ ಎಲ್ಲಾದರೂ ಸುಡುತ್ತದೆ, ಹುಕ್ಕೇರಿಯಲ್ಲೂ ಸುಡುತ್ತದೆ. ಆದರೆ ನಾವು ಸದಸ್ಯರಾಗಿದ್ದರೆ ಆ ಪಟ್ಟಿಯನ್ನು ಮಹಾಸಭೆಯಲ್ಲಿ ಎಲ್ಲರೆದುರು ಕೇಳುತ್ತಿದ್ದೆವು. ಉತ್ತರ ಕೊಡದ ನಿರ್ದೇಶಕ ಮುಂದಿನ ಚುನಾವಣೆಗೆ ನಮ್ಮ ಮನೆ ಬಾಗಿಲಿಗೇ ಬರಬೇಕಿತ್ತು. ಎಸ್ಕಾಂ ಎಂಬ ಸರ್ಕಾರಿ ವಿದ್ಯುತ್ ಕಂಪನಿಯಲ್ಲಿ ನಾವು ಬಿಲ್ಲಿನ ಮೇಲಿನ ಆರ್‌ಆರ್ ನಂಬರ್ ಅಷ್ಟೇ.

ಅಮೆರಿಕದಲ್ಲಿ 1930ರ ದಶಕದ ನಡುವಿನಲ್ಲಿ ನೂರು ರೈತರ ಮನೆಗಳಲ್ಲಿ ಹತ್ತರಷ್ಟಕ್ಕೆ ಮಾತ್ರ ಕರೆಂಟಿತ್ತು. ಮನೆಗಳು ದೂರ ದೂರ, ಲೈನ್ ಎಳೆದ ಖರ್ಚು ಹುಟ್ಟುವುದಿಲ್ಲ ಎಂದು ಖಾಸಗಿ ಕಂಪನಿಗಳು ಅತ್ತ ತಲೆ ಹಾಕಲಿಲ್ಲ. 1936ರ ಗ್ರಾಮೀಣ ವಿದ್ಯುದೀಕರಣ ಕಾಯ್ದೆಯಡಿ ಸರ್ಕಾರದ ಸಾಲ ಪಡೆದು ರೈತರೇ ಸಂಘ ಕಟ್ಟಿ ಕಂಬ ನೆಟ್ಟರು. ಅಂಥ ಎಂಟುನೂರಕ್ಕೂ ಹೆಚ್ಚು ಸಂಘಗಳು ಇಂದಿಗೂ ಇವೆ. ವರ್ಷದ ಕೊನೆಗೆ ಮಿಕ್ಕ ಹಣ ಅವರವರು ಉರಿಸಿದ ಕರೆಂಟಿಗೆ ತಕ್ಕಂತೆ ಸದಸ್ಯರ ಹೆಸರಿಗೆ ಜಮಾ ಆಗುತ್ತದೆ. ಸಂಘದ ಕೈ ಸಡಿಲವಾದಾಗ ಅವರಿಗೇ ಮರಳುತ್ತದೆ. ನಮ್ಮಲ್ಲಿ ದರ ಏರುವುದಷ್ಟೇ ಗೊತ್ತು. ಸಹಕಾರ ಎಂದರೆ ರಾಜಕೀಯ ಎಂದು ಮೂಗು ಮುರಿಯುವವರು ಎಸ್ಕಾಂ ಆಫೀಸಿನಲ್ಲಿ ರಾಜಕೀಯವೇ ಇಲ್ಲವೆಂದು ಎದೆ ಮುಟ್ಟಿ ಹೇಳಲಿ. ನಮ್ಮ ಕಂಬ, ನಮ್ಮ ತಂತಿ, ಅದರ ಲೆಕ್ಕ ಕೇಳುವ ಹಕ್ಕು ನಮಗೆ ಬೇಕು.

ವಿರೋಧ: ಕೊಂಡ ಕರೆಂಟಿನ ಬಿಲ್ ಕಟ್ಟುವವರು ಯಾರು?

ವಿರೋಧ ಪಕ್ಷ ವಹಿಸಬೇಕೆಂದು ನನ್ನನ್ನು ಕೇಳಿದ್ದಾರೆ. ಸಹಕಾರ ತತ್ವದ ಮೇಲೆ ನನಗೂ ಗೌರವವಿದೆ, ಹುಕ್ಕೇರಿಯ ಸಂಘ ಮುಚ್ಚಲಿ ಎಂದು ನಾನು ಹೇಳುವುದಿಲ್ಲ. ಅದನ್ನೇ ಎಲ್ಲ ಕಡೆ ಮಾಡೋಣ ಎನ್ನುವುದಕ್ಕೆ ಮಾತ್ರ ನನ್ನ ತಕರಾರು.

ಹುಕ್ಕೇರಿಯಂತೆಯೇ ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಯಲ್ಲಿ ಮುಳಾ-ಪ್ರವರಾ ವಿದ್ಯುತ್ ಸಹಕಾರ ಸಂಘವಿತ್ತು. ಸಕ್ಕರೆ ಸಹಕಾರಿಗಳು ಬೆಳೆದ ನೆಲ ಅದು, ಸಹಕಾರ ಅಲ್ಲಿಯವರಿಗೆ ಯಾರೂ ಕಲಿಸಬೇಕಿರಲಿಲ್ಲ. ಆದರೂ ಕೊಂಡ ಕರೆಂಟಿನ ಬಾಕಿ ಬೆಳೆಯುತ್ತ ಎರಡು ಸಾವಿರ ಕೋಟಿ ರೂಪಾಯಿ ದಾಟಿತು. 2011ರಲ್ಲಿ ವಿತರಣೆ ರಾಜ್ಯದ ಕಂಪನಿಗೆ ಹೋಯಿತು. ಬಾಕಿ ವಸೂಲಿ ಮಾಡಬೇಕಾದ ನಿರ್ದೇಶಕ ಅದೇ ಬಾಕಿದಾರರ ಮತ ಕೇಳಬೇಕು. ಫ್ಯೂಸ್ ಕೀಳಲು ಅವನಿಗೆ ಕೈ ಬರುವುದಿಲ್ಲ.

ಕರೆಂಟು ಹಂಚುವ ಸಂಘ ಕರೆಂಟನ್ನು ತಾನೇ ತಯಾರಿಸುವುದಿಲ್ಲ, ಹೊರಗಿನಿಂದ ಕೊಳ್ಳುತ್ತದೆ. ದರ ನಿಗದಿ ಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ). ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿನ ಕರೆಂಟಿಗೆ ಸಬ್ಸಿಡಿ ಕೊಡುವುದು ಸರ್ಕಾರ. ಹೀಗಿರುವಾಗ ಸದಸ್ಯರ ಕೈಯಲ್ಲಿ ಉಳಿಯುವುದು ಎಷ್ಟು? ನಗರದ, ಕಾರ್ಖಾನೆಗಳ ಆದಾಯವಿರುವ ದೊಡ್ಡ ಕಂಪನಿ ಹಳ್ಳಿಯ ನಷ್ಟವನ್ನು ತಡೆದುಕೊಳ್ಳಬಲ್ಲದು. ಪಂಪ್‌ಸೆಟ್ಟುಗಳೇ ತುಂಬಿದ ಒಂದು ತಾಲೂಕಿನ ಸಂಘಕ್ಕೆ ಆ ಆಸರೆ ಎಲ್ಲಿದೆ?

ಮಹಾಸಭೆಯಲ್ಲಿ ಪಟ್ಟಿ ಕೇಳುತ್ತೇವೆ ಎನ್ನುತ್ತಾರೆ ಎದುರಿನವರು. ಷೇರು ಸರ್ಟಿಫಿಕೇಟ್ ತೋರಿಸಿದರೆ ಸುಟ್ಟ ಟಿಸಿ ಸರಿಹೋಗುವಂತಿದ್ದರೆ ನಾನೂ ಇವತ್ತೇ ಷೇರು ಕೊಳ್ಳುತ್ತಿದ್ದೆ. ನಮ್ಮ ರಾಜ್ಯದ ಸಂಘಗಳ ಚುನಾವಣೆ ಹೇಗೆ ನಡೆಯುತ್ತದೆಂದು ನೋಡಿದವರಿಗೆ ಗೊತ್ತು: ಮಹಾಸಭೆಗೆ ಬಾರದವರು, ವಹಿವಾಟು ಮಾಡದವರು ಎಂದು ಅನರ್ಹರ ಪಟ್ಟಿ ಬರುತ್ತದೆ, ಮತದ ಹಕ್ಕಿಗಾಗಿ ಸದಸ್ಯರು ಹೈಕೋರ್ಟಿಗೆ ಹೋಗುತ್ತಾರೆ. 2025ರಲ್ಲಿ ಹುಕ್ಕೇರಿ ಸಂಘದ ಚುನಾವಣೆ ಜಿಲ್ಲೆಯ ದೊಡ್ಡ ರಾಜಕೀಯ ಮನೆತನಗಳ ಪ್ರತಿಷ್ಠೆಯ ಕಣವಾಯಿತು. ಅಷ್ಟೆಲ್ಲ ಸದ್ದಿನ ನಡುವೆ ಲೈನ್‌ಮನ್ ಕೊರತೆ, ಹಳೆಯ ತಂತಿ, ಟಿಸಿಯ ಲೋಡು ಇವುಗಳ ಮಾತು ಎಷ್ಟು ಬಂದೀತು? ಎಸ್ಕಾಂ ಸರಿಯಿಲ್ಲ ಎನ್ನುವುದು ನಿಜ. ಸುಟ್ಟ ಟಿಸಿಗಳ ಸರದಿ ಪಟ್ಟಿಯನ್ನು ಪ್ರತಿ ಸೆಕ್ಷನ್ ಆಫೀಸಿನ ಗೋಡೆಗೆ ಅಂಟಿಸಬೇಕೆಂಬ ಕಡ್ಡಾಯ ಆದೇಶ ಹೊರಡಿಸಲಿ. ಅದಕ್ಕೆ ಹೊಸ ಸಂಘವೂ ಬೇಡ, ಷೇರೂ ಬೇಡ.