ಸಂತಾಪದ ಹೇಳಿಕೆಯಲ್ಲಿ ಇಲ್ಲದಿರುವುದು

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡ ಮೇಲೆ ಆರ್‌ಸಿಬಿ ಹೊರಡಿಸಿದ ಮೊದಲ ಹೇಳಿಕೆಯನ್ನು ನಾನು ಇಂದಿಗೂ ಮರೆತಿಲ್ಲ. ತಂಡದ ಆಗಮನದ ನಿರೀಕ್ಷೆಯಲ್ಲಿ ನಗರದೆಲ್ಲೆಡೆ ಜನ ಸೇರಿದಾಗ ನಡೆದ ದುರದೃಷ್ಟಕರ ಘಟನೆಗಳು ಮಾಧ್ಯಮಗಳಿಂದ ತಿಳಿದವು, ಅದರಿಂದ ತೀವ್ರ ನೋವಾಗಿದೆ, ಎಲ್ಲರ ಸುರಕ್ಷತೆಯೇ ತಮಗೆ ಮುಖ್ಯ, ವಿಷಯ ತಿಳಿದ ಕೂಡಲೇ ಕಾರ್ಯಕ್ರಮವನ್ನು ಬದಲಿಸಿ ಸ್ಥಳೀಯ ಆಡಳಿತ ಹೇಳಿದಂತೆ ನಡೆದುಕೊಂಡೆವು ಎಂಬುದು ಅದರ ಸಾರ. ಸತ್ತವರೆಷ್ಟು, ಎಲ್ಲಿ ಸತ್ತರು, ಅವರನ್ನು ಅಲ್ಲಿಗೆ ಕರೆದವರು ಯಾರು ಎಂಬ ಯಾವ ಸಂಗತಿಯೂ ಅದರಲ್ಲಿರಲಿಲ್ಲ.

ಕರೆದದ್ದು ತಂಡವೇ. ಅಹಮದಾಬಾದಿನಲ್ಲಿ ಕಪ್ ಗೆದ್ದ ಮರುದಿನ ಬೆಳಿಗ್ಗೆಯೇ ವಿಜಯ ಮೆರವಣಿಗೆಯ ಸುದ್ದಿಯನ್ನು ಅದು ತನ್ನ ಜಾಲತಾಣದ ಖಾತೆಗಳಲ್ಲಿ ಹಾಕಿತ್ತು. ಅದಕ್ಕೆ ಪೊಲೀಸರ ಅನುಮತಿ ಇರಲಿಲ್ಲವೆಂದು ರಾಜ್ಯ ಸರ್ಕಾರ ಹೈಕೋರ್ಟಿಗೆ ವರದಿ ಕೊಟ್ಟಿತು. ಮೂರರಿಂದ ಐದು ಲಕ್ಷ ಜನ ಸೇರಿದ್ದಕ್ಕೆ ಮೇಲ್ನೋಟಕ್ಕೆ ಆರ್‌ಸಿಬಿಯೇ ಹೊಣೆ ಎಂದು ಜುಲೈನಲ್ಲಿ ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿ ಹೇಳಿತು. ಕಾಲ್ತುಳಿತ ನಡೆದ ದಿನವೇ ವಿಧಾನಸೌಧದ ಮೆಟ್ಟಿಲುಗಳ ಮೇಲೆ ಸನ್ಮಾನ ಇಟ್ಟುಕೊಂಡ ಸರ್ಕಾರವೂ ಉತ್ತರ ಹೇಳಬೇಕಾದ್ದು ಬಹಳಷ್ಟಿದೆ. ಆದರೆ ತಾನೇ ಕರೆದ ಜನರ ಸಾವನ್ನು ಸುದ್ದಿವಾಹಿನಿ ನೋಡಿ ತಿಳಿದೆ ಎಂಬ ಧಾಟಿಯಲ್ಲಿ ಬರೆದ ಸಂತಾಪವನ್ನು ಮಾತ್ರ ನನಗೆ ಕ್ಷಮಿಸಲಾಗುತ್ತಿಲ್ಲ.

ಶಿವಮೊಗ್ಗದ ನಮ್ಮ ಬೀದಿಯಿಂದಲೂ ಕೆಲವು ಹುಡುಗರು ಅಂದು ಬೆಳಗಿನ ರೈಲಿಗೆ ಹೊರಟಿದ್ದರು. ಸಂಜೆ ಟಿ.ವಿ.ಯಲ್ಲಿ ರಸ್ತೆಯ ತುಂಬ ಬಿದ್ದಿದ್ದ ಚಪ್ಪಲಿಗಳನ್ನು ತೋರಿಸುತ್ತಿದ್ದಾಗ ಎದುರುಮನೆಯ ಅಕ್ಕ ಫೋನನ್ನು ಕಿವಿಯಿಂದ ಕೆಳಗಿಳಿಸದೆ ಗೇಟಿನ ಹತ್ತಿರವೇ ನಿಂತಿದ್ದರು. ಮಗ ಕ್ಷೇಮವಾಗಿ ಮರಳಿದ. ಮಗ ಮರಳದ ಮನೆಯವರು ಆ ಹೇಳಿಕೆಯನ್ನು ಓದಿದ್ದರೆ ಅದರಿಂದ ಅವರಿಗೆ ಏನು ಸಿಕ್ಕೀತು?

ನಮ್ಮ ಮಲೆನಾಡಿನಲ್ಲಿ ಸಾವಿನ ಮನೆಗೆ ಮಾತಾಡಿಸಿಕೊಂಡು ಬರಲು ಹೋಗುವುದೆಂದರೆ ಜಗಲಿಯಲ್ಲಿ ಕೂತು ಹೇಗಾಯಿತೆಂದು ಕೇಳುವುದು, ಅವರು ಹೇಳಿದಷ್ಟನ್ನೂ ಕೇಳಿಸಿಕೊಳ್ಳುವುದು. ಮಳೆಗಾಲವಾದರೆ ಹೊರಡುವ ಮುನ್ನ ಯಾರಾದರೂ ಹಿರಿಯರು, "ತೋಟಕ್ಕೆ ಔಷಧಿ ಹೊಡೆಸೋದು ನಮಗೆ ಬಿಡಿ, ನೀವು ತಲೆ ಕೆಡಿಸ್ಕೋಬೇಡಿ" ಎನ್ನುತ್ತಾರೆ. ತೀರಿಕೊಂಡವರೊಡನೆ ಮನಸ್ತಾಪವಿದ್ದವರೂ ಬಂದು, ಇದ್ದದ್ದನ್ನು ಒಪ್ಪಿಕೊಂಡು ಹೋಗುವುದನ್ನು ನಾನು ನೋಡಿದ್ದೇನೆ.

ಕಂಪನಿಗಳ ಹೇಳಿಕೆ ಹಾಗಿರುವುದಿಲ್ಲ, ಏಕೆಂದರೆ ಅದನ್ನು ಬರೆಯುವವರು ನೊಂದವರಿಗಾಗಿ ಬರೆಯುವುದಿಲ್ಲ. ನಾಳೆ ಎಫ್‌ಐಆರ್ ದಾಖಲಾದರೆ, ಪರಿಹಾರದ ಮೊಕದ್ದಮೆ ಬಂದರೆ, ಪ್ರಾಯೋಜಕರು ಪ್ರಶ್ನಿಸಿದರೆ ತಮ್ಮದೇ ವಾಕ್ಯ ತಮಗೆ ಮುಳುವಾಗಬಾರದೆಂದು ವಕೀಲರು ಮತ್ತು ಪ್ರಚಾರ ವಿಭಾಗದವರು ಪ್ರತಿ ಪದವನ್ನೂ ತೂಗಿ ನೋಡುತ್ತಾರೆ. ಹಾಗೆ ತೂಗುತ್ತಾ ಹೋದಂತೆ ಯಾರು, ಯಾವಾಗ, ಏಕೆ ಎಂಬುದೆಲ್ಲ ಒಂದೊಂದಾಗಿ ಹೊರಬಿದ್ದು ಕೊನೆಗೆ ನೋವು, ಕಾಳಜಿ, ಸಹಕಾರ ಎಂಬ ಮಾತುಗಳಷ್ಟೇ ಉಳಿಯುತ್ತವೆ. ನಟನಟಿಯರ ಮೇಲೆ ಆರೋಪ ಬಂದಾಗ ನಿರ್ಮಾಣ ಸಂಸ್ಥೆಗಳು ಕೊಡುವ ಹೇಳಿಕೆಗಳೂ ಇದೇ ಅಚ್ಚಿನವು.

ಮರುದಿನ ಆರ್‌ಸಿಬಿ ಪ್ರತಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಘೋಷಿಸಿತು, ಆಗಸ್ಟ್ ಕೊನೆಯಲ್ಲಿ 25 ಲಕ್ಷ ಎಂದಿತು. ಅದು ಒಳ್ಳೆಯದೇ, ಆ ಮನೆಗಳಿಗೆ ಬೇಕಾದದ್ದೇ. ಆದರೆ ನಡುವಿನ ಸುಮಾರು ಮೂರು ತಿಂಗಳ ಮೌನಕ್ಕೆ ದುಃಖವೇ ಕಾರಣವೆಂದು ಅದು ಹೇಳಿಕೊಂಡಾಗಲೂ, ಮೆರವಣಿಗೆಯ ಸುದ್ದಿ ಹಾಕಲು ಒಪ್ಪಿದವರು ಯಾರು, ಅನುಮತಿ ಸಿಗುವವರೆಗೆ ಏಕೆ ಕಾಯಲಿಲ್ಲ ಎಂಬುದು ಅದರ ಮಾತಿನಲ್ಲಿ ಬರಲಿಲ್ಲ.

ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಕೆಲಸ ಮಾಡುವ ಗೆಳೆಯರು ಈ ಪುಟವನ್ನು ಓದುತ್ತೀರಿ. ಇಂಥ ಹೇಳಿಕೆ ನಿಮ್ಮ ಮೇಜಿಗೆ ಬಂದಾಗ ಅದನ್ನು ಬಂದಂತೆಯೇ ಅಚ್ಚು ಹಾಕಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ. ಹಾಕಲೇಬೇಕಾದರೆ, ಅದರ ಕೆಳಗೇ ಎರಡು ಸಾಲು ಸೇರಿಸಿ: ಸಂಸ್ಥೆಗೆ ನಾವು ಕೇಳಿದ ಪ್ರಶ್ನೆಗಳು ಇವು, ಇವುಗಳಲ್ಲಿ ಇಂತಿಂಥವಕ್ಕೆ ಉತ್ತರ ಬಂದಿಲ್ಲ.