‘ಅದು ಕಡ್ಡಾಯ ಅಲ್ವಲ್ಲ ಮೇಡಂ!’

ನಮ್ಮ ಅತ್ತೆಯ ಎದೆಯ ಸಿಟಿ ಸ್ಕ್ಯಾನ್ ಮಾಡಿಸೋಕೆ ನಿನ್ನೆ ಒಂದು ಸೆಂಟರ್‌ಗೆ ಹೋಗಿದ್ದೆ. ಹೆಸರು ಕೇಳಬೇಡಿ, ಹೇಳಲ್ಲ. ರಿಸೆಪ್ಷನ್ ಹಿಂದಿನ ಗೋಡೆ ತುಂಬ ದಪ್ಪ ಅಕ್ಷರದಲ್ಲಿ ‘ಎಇಆರ್‌ಬಿ ಅನುಮೋದಿತ’ ಅಂತ ಬರೆಸಿದ್ದಾರೆ. ಪಕ್ಕದಲ್ಲಿ ಚಿನ್ನದ ಬಣ್ಣದ ನಕ್ಷತ್ರ ಬೇರೆ. ಅಲ್ರೀ, ಎಇಆರ್‌ಬಿ ಅಂದರೆ ಅಣುಶಕ್ತಿ ನಿಯಂತ್ರಣ ಮಂಡಳಿ, ಅದರ ಲೈಸೆನ್ಸ್ ಇಲ್ಲದೆ ಸಿಟಿ ಮೆಷಿನ್ ಆನ್ ಮಾಡೋ ಹಾಗೇ ಇಲ್ಲ! ಆಟೋ ಡ್ರೈವರ್ ತನ್ನ ಡಿಎಲ್‌ಗೆ ಫ್ರೇಮ್ ಹಾಕಿಸಿ ಹೂವಿನ ಹಾರ ಹಾಕಿದ ಹಾಗಾಯ್ತು.

ಇಷ್ಟು ವರ್ಷ ಎಕ್ಸ್-ರೇ ರೂಮಿನಲ್ಲೇ ಕಳೆದವಳು ನಾನು, ನಿಮಗೆ ಗೊತ್ತೇ ಇದೆ. ಕಣ್ಣು ಸುಮ್ಮನಿರುವುದಿಲ್ಲ. ಕಂಟ್ರೋಲ್ ರೂಮಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕುರ್ಚಿಯ ಮೇಲೆ ವಿಕಿರಣ ತಡೆಯುವ ಲೆಡ್ ಏಪ್ರನ್ ನಾಲ್ಕು ಮಡಿಕೆಯಾಗಿ ಬಿದ್ದಿತ್ತು. ಅದರ ಮೇಲೊಂದು ಟಿಫಿನ್ ಡಬ್ಬಿ. ಏಪ್ರನ್ ಮಡಚಿದರೆ ಒಳಗಿನ ಸೀಸದ ಪದರ ಬಿರುಕು ಬಿಡುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಹ್ಯಾಂಗರ್‌ಗೆ ನೇತು ಹಾಕಬೇಕು, ಕಾಲಕಾಲಕ್ಕೆ ಅದಕ್ಕೇ ಒಂದು ಎಕ್ಸ್-ರೇ ತೆಗೆದು ನೋಡಬೇಕು. ಮೈಗೆ ಎಷ್ಟು ವಿಕಿರಣ ತಗುಲಿತು ಅಂತ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಟೆಕ್ನಿಷಿಯನ್ ಹುಡುಗನ ಎದೆ ಮೇಲೆ ಇರಲಿಲ್ಲ, ಪೆನ್ ಸ್ಟ್ಯಾಂಡಿನಲ್ಲಿತ್ತು. ಮೂರು ತಿಂಗಳಿಗೊಮ್ಮೆ ಅದು ಅಳತೆಗೆ ಹೋಗಿ ಬರುತ್ತದೆ. ಪೆನ್ನುಗಳಿಗೆ ವಿಕಿರಣ ತಗುಲಿಲ್ಲ ಅಂತ ವರದಿ ಬಂದಿರುತ್ತದೆ. ಸಂತೋಷ.

‘ನಿಮ್ಮದು ಎನ್‌ಎಬಿಎಚ್ ಮಾನ್ಯತೆ ಆಗಿದೆಯಾ?’ ಅಂತ ಮ್ಯಾನೇಜರ್‌ನ ಕೇಳಿದೆ. ಆಸ್ಪತ್ರೆ, ಸ್ಕ್ಯಾನ್ ಸೆಂಟರ್‌ಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಮಂಡಳಿ ಅದು. ‘ಅದು ಕಡ್ಡಾಯ ಅಲ್ವಲ್ಲ ಮೇಡಂ’ ಅಂದರು, ನಗುನಗುತ್ತಾ. ಅತ್ತೆ ಪಕ್ಕದಿಂದ ನನ್ನ ಸೆರಗು ಎಳೆದರು. ನಮ್ಮ ಮನೆಯವರು ಸ್ಕ್ಯಾನಿಂಗ್‌ಗೆ ನನ್ನನ್ನು ಬಿಟ್ಟು ಹೋಗಲು ನೋಡುವುದು ಇದಕ್ಕೇ.

ಕಡ್ಡಾಯ ಅಲ್ಲ, ನಿಜ. ಕಡ್ಡಾಯ ಇರುವುದು ಏನು ನೋಡುತ್ತದೆ ಹೇಳಿ? ಎಇಆರ್‌ಬಿ ಮೆಷಿನ್ ನೋಡುತ್ತದೆ, ಗೋಡೆಯ ದಪ್ಪ ನೋಡುತ್ತದೆ, ಎರಡು ವರ್ಷಕ್ಕೊಮ್ಮೆ ಮೆಷಿನ್‌ನ ಗುಣಮಟ್ಟದ ಪರೀಕ್ಷೆ (ಕ್ಯೂಎ ಟೆಸ್ಟ್) ಕೇಳುತ್ತದೆ. ಪಿಸಿಪಿಎನ್‌ಡಿಟಿ ಕಾಯ್ದೆಗೆ ಬೇಕಾಗಿರುವುದು ಭ್ರೂಣಲಿಂಗ ಪತ್ತೆ ಆಗಬಾರದು ಅನ್ನೋದು. ಎಂಆರ್‌ಐನಲ್ಲಂತೂ ವಿಕಿರಣವೇ ಇಲ್ಲ, ಹಾಗಾಗಿ ಎಇಆರ್‌ಬಿ ಅತ್ತ ತಲೆ ಹಾಕುವುದೇ ಇಲ್ಲ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಜೊತೆ ಬಂದ ಯುವಕನೊಬ್ಬ ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ರೂಮಿಗೆ ಹೋಗಿ ಪ್ರಾಣ ಕಳೆದುಕೊಂಡ ಸುದ್ದಿ ನೆನಪಿದೆಯಾ? ಮೆಷಿನ್ ಕೆಟ್ಟಿರಲಿಲ್ಲ. ಆಯಸ್ಕಾಂತ ತನ್ನ ಕೆಲಸ ತಾನು ಮಾಡಿತು. ಬಾಗಿಲಲ್ಲಿ ಯಾರೂ ತಡೆಯಲಿಲ್ಲ, ಅಷ್ಟೇ.

ಆ ಬಾಗಿಲಲ್ಲಿ ಯಾರು ನಿಲ್ಲುತ್ತಾರೆ ಅಂತ ಕೇಳುವುದೇ ಮಾನ್ಯತೆಯ ಕೆಲಸ. ಸ್ಕ್ಯಾನ್‌ನಲ್ಲಿ ಒಳಗಿನದು ಸ್ಪಷ್ಟ ಕಾಣಲಿ ಅಂತ ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್‌ಗೆ ಮೊದಲು, ಕಿಡ್ನಿ ಸರಿ ಇದೆಯಾ ಅಂತ ಹೇಳುವ ಕ್ರಿಯಾಟಿನಿನ್ ನೋಡಿದ್ದೀರಾ? ರಿಯಾಕ್ಷನ್ ಆದರೆ ಬೇಕಾಗುವ ಔಷಧಿ ಟ್ರೇನಲ್ಲಿದೆಯಾ, ಡೇಟ್ ಮುಗಿದಿಲ್ಲ ತಾನೇ? ಮೆದುಳಿನಲ್ಲಿ ರಕ್ತಸ್ರಾವ ಕಂಡರೆ ಡಾಕ್ಟರ್‌ಗೆ ಎಷ್ಟು ಹೊತ್ತಿಗೆ ಫೋನ್ ಹೋಯಿತು, ಯಾರು ಮಾಡಿದರು? ‘ಮಾಡ್ತೀವಿ ಸರ್’ ಅಂದರೆ ನಡೆಯುವುದಿಲ್ಲ. ತೋರಿಸಿ ಅಂತಾರೆ.

ನಿಜ ಹೇಳಬೇಕೆಂದರೆ, ನನಗೆ ರೋಗಿಗಳಿಗಿಂತ ಜಾಸ್ತಿ ಚಿಂತೆ ಆ ಟೆಕ್ನಿಷಿಯನ್ ಹುಡುಗನದು. ರಾತ್ರಿ ಪಾಳಿಯಲ್ಲಿ ಅವನೊಬ್ಬನೇ ಇರುತ್ತಾನೆ. ‘ಕ್ರಿಯಾಟಿನಿನ್ ರಿಪೋರ್ಟ್ ಆಮೇಲೆ ನೋಡೋಣ, ಮೊದಲು ಕಾಂಟ್ರಾಸ್ಟ್ ಹಾಕು’ ಅಂತ ಮೇಲಿನವರು ಫೋನಿನಲ್ಲಿ ಗದರಿದರೆ ಅವನು ಏನು ಹೇಳಬೇಕು? ಸಂಬಳ ಕೊಡುವವರ ಎದುರು ಬಾಯಿ ಬಿಡುವುದು ಸುಲಭ ಅಲ್ಲ ಸ್ವಾಮಿ, ನಾನೂ ಆ ಕುರ್ಚಿಯಲ್ಲಿ ಕೂತು ಬಂದವಳು. ‘ನಮ್ಮ ಪ್ರೋಟೋಕಾಲ್‌ನಲ್ಲಿ ಹೀಗೆ ಬರೆದಿದೆ ಸರ್, ಆಡಿಟ್‌ನಲ್ಲಿ ಕೇಳ್ತಾರೆ’ ಅನ್ನುವ ಒಂದು ಸಾಲು ಅವನಿಗೆ ಸಿಕ್ಕರೆ ಸಾಕು. ಅದು ಅವನ ಧಿಮಾಕು ಆಗುವುದಿಲ್ಲ, ಸೆಂಟರ್‌ನ ನಿಯಮ ಆಗುತ್ತದೆ. ಆ ಸಾಲು ಬರುವುದು ಇದೇ ‘ಕಡ್ಡಾಯ ಅಲ್ಲದ’ ಮಾನ್ಯತೆಯಿಂದ.

ಅಮೆರಿಕದಲ್ಲಿ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್-ರೇ, ಅದರ ಮಾನ್ಯತೆ ಕೂಡ ಹೀಗೇ ಶುರುವಾಗಿದ್ದು. ಅಲ್ಲಿನ ರೇಡಿಯಾಲಜಿಸ್ಟ್‌ಗಳ ಸಂಸ್ಥೆ ಎಸಿಆರ್ 1987ರಲ್ಲಿ, ಇಷ್ಟ ಇದ್ದವರು ಬನ್ನಿ ಅಂತ ಮಾನ್ಯತೆ ಕೊಡಲು ಶುರು ಮಾಡಿತು. ಅವರ ಆಗಿನ ಪರೀಕ್ಷೆ ನನಗೆ ಬಹಳ ಇಷ್ಟ. ಫ್ಯಾಂಟಮ್ ಅಂತ ಒಂದು ಅಕ್ರಿಲಿಕ್ ತುಂಡು. ಒಳಗಿನ ಮೇಣದಲ್ಲಿ 6 ಎಳೆ, 5 ಗುಂಪು ಚುಕ್ಕಿ, 5 ಪುಟ್ಟ ಗಡ್ಡೆ ಹುದುಗಿಸಿರುತ್ತಿದ್ದರು. ಎಕ್ಸ್-ರೇ ತೆಗೆದಾಗ ಕನಿಷ್ಠ 4 ಎಳೆ, 3 ಗುಂಪು ಚುಕ್ಕಿ, 3 ಗಡ್ಡೆ ಕಾಣಬೇಕಿತ್ತು. ಕಾಣಲಿಲ್ಲವಾ, ಮೆಷಿನ್ ಎಷ್ಟು ಕೋಟಿಯದಾದರೂ ಫೇಲ್. 1992ರಲ್ಲಿ ಅಲ್ಲಿ ಕಾನೂನೇ ಬಂತು, ಮ್ಯಾಮೊಗ್ರಾಮ್‌ಗೆ ಮಾನ್ಯತೆ ಕಡ್ಡಾಯವಾಯಿತು. ಕಡ್ಡಾಯ ಆಗಲಿ ಅಂತ ಕಾಯುತ್ತಾ ಕೂತಿದ್ದರೆ ಅಳತೆಗೋಲು ಎಲ್ಲಿಂದ ಬರುತ್ತಿತ್ತು?

ಖರ್ಚು ಜಾಸ್ತಿ ಅಂತೀರಾ? ಹರಪನಹಳ್ಳಿಯಲ್ಲೋ ಸಿರಾದಲ್ಲೋ ಒಂದೇ ಎಕ್ಸ್-ರೇ ಮೆಷಿನ್ ಇಟ್ಟುಕೊಂಡವರು ಹೇಳಿದರೆ ಕೇಳುತ್ತೇನೆ, ಅವರಿಗೆ ಕಷ್ಟ ಇದೆ. ಲಾಬಿಗೆ ಮಾರ್ಬಲ್ ಹಾಸಿ, ಸೀಲಿಂಗ್‌ನಲ್ಲಿ ತೂಗುದೀಪ ಬಿಟ್ಟವರು ಹೇಳಬಾರದು. ಒಂದು ಏಪ್ರನ್ ಹ್ಯಾಂಗರ್‌ಗೆ ಎಷ್ಟಾಗುತ್ತೆ?

‘ಎಲ್ಲಾ ಪೇಪರ್ ಕೆಲಸ, ಆಡಿಟ್ ಹಿಂದಿನ ರಾತ್ರಿ ಕೂತು ರಿಜಿಸ್ಟರ್ ತುಂಬಿಸ್ತಾರೆ’ ಅಂತ ಒಬ್ಬರು ಕಮೆಂಟ್ ಹಾಕೇ ಹಾಕುತ್ತೀರಿ. ತುಂಬಿಸ್ತಾರೆ, ನೋಡಿದ್ದೇನೆ. ಒಂದೇ ಪೆನ್ನು, ಒಂದೇ ಕೈಬರಹ, ಮೂರು ತಿಂಗಳ ರೂಮ್ ಟೆಂಪರೇಚರ್. ಆದರೆ ಆಡಿಟ್‌ಗೆ ಬರುವವರೂ ಇದೇ ಕಸುಬಿನವರು. ಹಾಜರಿ ಪುಸ್ತಕ ತರಿಸಿ, ಆ ದಿನ ರಜೆಯಲ್ಲಿದ್ದವನ ಸಹಿ ಇಲ್ಲಿ ಹೇಗೆ ಬಂತು ಅಂತ ಕೇಳಿದಾಗ ಎದುರಿಗಿದ್ದವರ ಮುಖ ನೋಡಬೇಕಿತ್ತು ನೀವು.

ಇನ್ನೊಂದು ಮಾತು ಹೇಳಿ ಅಡುಗೆಮನೆಗೆ ಹೋಗ್ತೀನಿ. ಕೆಲವು ಕಡೆ ಎನ್‌ಎಬಿಎಲ್ ಅಂತ, ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಇನ್ನೊಂದು ಮಂಡಳಿಯ ಮುದ್ರೆ ದೊಡ್ಡದಾಗಿ ಕಾಣುತ್ತದೆ. ಅದು ರಕ್ತ ಪರೀಕ್ಷೆಯ ಲ್ಯಾಬಿಗೆ ಮಾತ್ರ ಸಿಕ್ಕಿದ್ದಿರಬಹುದು. ಅದೇ ಕಟ್ಟಡದ ಸ್ಕ್ಯಾನಿಂಗ್ ರೂಮಿಗೂ ಅದಕ್ಕೂ ಸಂಬಂಧ ಇಲ್ಲದೆ ಇರಬಹುದು. ಸರ್ಟಿಫಿಕೇಟಿನ ಜೊತೆ ‘ಸ್ಕೋಪ್’ ಅಂತ ಒಂದು ಹಾಳೆ ಇರುತ್ತದೆ, ಯಾವ್ಯಾವ ಪರೀಕ್ಷೆಗೆ, ಯಾವ ತಾರೀಖಿನವರೆಗೆ ಅಂತ. ಕೇಳಿ ಇಸ್ಕೊಂಡು ಓದಿ. ಕಡ್ಡಾಯ ಏನಲ್ಲ.